ಮೂರು ಲಿಪಿಗಳಲ್ಲೊಂದು ಹೆಸರು: ಅಂತರ್ಜಾಲದ ಶೋಧ ಮತ್ತು ಹೊರನಾಡ ಕನ್ನಡಿಗರು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ಹುಟ್ಟಿದ ಮಗುವಿನ ಹೆಸರು ಮೂರು ಲಿಪಿಗಳಲ್ಲಿ ಬಾಳುತ್ತದೆ. ತೊಟ್ಟಿಲಿನ ದಿನ ಹಿರಿಯರು ಮಗುವಿನ ಕಿವಿಯಲ್ಲಿ ಉಸುರುವ ಹೆಸರು ಕನ್ನಡದ್ದು. ಮನೆಮಾತು ತುಳುವಾಗಿರಲಿ ಕೊಂಕಣಿಯಾಗಿರಲಿ, ಬರವಣಿಗೆಗೆ ಬಂದಾಗ ಅದು ಬಹುಮಟ್ಟಿಗೆ ಕನ್ನಡ ಲಿಪಿಯನ್ನೇ ತೊಡುತ್ತದೆ. ಆದರೆ ಜನನ ಪ್ರಮಾಣಪತ್ರದಲ್ಲಿ ಅದು ದೇವನಾಗರಿಗೂ ರೋಮನ್ ಲಿಪಿಗೂ ಏರುತ್ತದೆ. ಮುಂದೆ ಬ್ಯಾಂಕು, ಪಾಸ್‌ಪೋರ್ಟುಗಳು ರೋಮನ್ ರೂಪವನ್ನೂ ಮರಾಠಿಯ ಮತದಾರರ ಪಟ್ಟಿಯು ದೇವನಾಗರಿ ರೂಪವನ್ನೂ ಮುಂದುವರಿಸುತ್ತವೆ. ಕನ್ನಡ ರೂಪಕ್ಕೆ ಉಳಿಯುವ ತಾಣಗಳು ಮದುವೆಯ ಆಮಂತ್ರಣ ಪತ್ರಿಕೆ, ಸಂಘದ ಸ್ಮರಣ ಸಂಚಿಕೆ ಮತ್ತು ಮುಂಬಯಿಯ ಕನ್ನಡ ಪತ್ರಿಕೆಗಳ ಪುಟಗಳು. ಇಂಥ ಹೆಸರಿನವರು ಅಂತರ್ಜಾಲದಲ್ಲಿ ತಮ್ಮ ಹೆಸರನ್ನೇ ಹುಡುಕತೊಡಗಿದಾಗ ಏನು ದೊರೆಯುತ್ತದೆ, ಏನು ದೊರೆಯದೆ ಹೋಗುತ್ತದೆ ಎಂಬುದು ಮೇಲ್ನೋಟಕ್ಕೆ ಕೇವಲ ಕುತೂಹಲದ ಪ್ರಶ್ನೆಯಂತೆ ಕಂಡರೂ, ಅದರೊಳಗೆ ಒಂದು ಸಮುದಾಯದ ಲಿಖಿತ ಸ್ಮೃತಿಯ ಪ್ರಶ್ನೆ ಅಡಗಿದೆ.

ಶೋಧಯಂತ್ರವು ವ್ಯಕ್ತಿಯನ್ನು ಅರಿಯದು. ಅದರ ಮೂಲ ಬಂಡವಾಳ ಅಕ್ಷರಗಳ ಸಾಲು. ಗ್ರಂಥದ ಕೊನೆಯಲ್ಲಿ ಪದಸೂಚಿಯನ್ನು ಸಿದ್ಧಪಡಿಸುವಂತೆ ಅದು ಜಾಲದ ಪುಟಗಳನ್ನೆಲ್ಲ ಮೊದಲೇ ಓದಿ, ಯಾವ ಪದ ಎಲ್ಲಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. 1998ರಲ್ಲಿ ಸ್ಥಾಪಿತವಾದ ಗೂಗಲ್ ಸಂಸ್ಥೆಯು, ಒಂದು ಪುಟದತ್ತ ಬೇರೆ ಎಷ್ಟು ಪುಟಗಳು ಬೆರಳು ತೋರುತ್ತವೆ ಎಂಬುದನ್ನು ಅದರ ಮಹತ್ತ್ವದ ಅಳತೆಯಾಗಿ ಬಳಸಿತು. ಆದುದರಿಂದ ಅಡ್ಡಹೆಸರಿಲ್ಲದೆ ಬರಿಯ ಸ್ವಂತ ಹೆಸರನ್ನಷ್ಟೇ ಕೊಟ್ಟಾಗ ಮೊದಲು ಕಾಣಿಸಿಕೊಳ್ಳುವವರು ಆ ಹೆಸರಿನ ಪ್ರಖ್ಯಾತರೇ. ಊರನ್ನು ಸೇರಿಸಿ ಹುಡುಕಬಹುದಲ್ಲ ಎನ್ನಬಹುದು. ಊರಿನ ಹೆಸರೂ ಒಂದೇ ರೂಪದಲ್ಲಿ ನಿಂತಿಲ್ಲ. ಠಾಣೆಯು ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಠಾಣಾ’ ಆಗಿತ್ತು. ಡೊಂಬಿವಲಿಯ ರೋಮನ್ ರೂಪದಲ್ಲಿ ‘ವ’ಕಾರದ ಮುಂದಿನ ಸ್ವರ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಕನ್ನಡದಲ್ಲಿ ‘ಕಲ್ಯಾಣ’ ಎಂದು ಹುಡುಕಿದವರಿಗಂತೂ ಬಸವಣ್ಣನವರ ಕಲ್ಯಾಣ, ಊರೂರಿನ ಕಲ್ಯಾಣ ಮಂಟಪಗಳು, ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಬಂದ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರು ಇವೆಲ್ಲ ಎದುರಾಗುತ್ತವೆ, ಮಧ್ಯ ರೈಲ್ವೆಯ ಕಲ್ಯಾಣ ನಿಲ್ದಾಣದ ಬಳಿಯ ಕನ್ನಡಿಗರು ಆ ಜನಜಂಗುಳಿಯ ಹಿಂದೆಲ್ಲೋ ನಿಂತಿರುತ್ತಾರೆ.

ಹೆಸರು ರೋಮನ್ ಲಿಪಿಗೆ ದಾಟುವಾಗ ನಡೆಯುವ ಪಲ್ಲಟಗಳಲ್ಲಿ ಅತ್ಯಂತ ವ್ಯಾಪಕವಾದುದು ತಕಾರದ್ದು. ಕರ್ನಾಟಕದಲ್ಲಿ ಟಕಾರಕ್ಕೆ ‘ಟಿ’ ಎಂಬ ಅಕ್ಷರವನ್ನೂ ತಕಾರಕ್ಕೆ ‘ಟಿ’ಯ ಮುಂದೆ ‘ಎಚ್’ ಸೇರಿಸಿಯೂ ಬರೆಯುವುದು ರೂಢಿ. ಮಹಾರಾಷ್ಟ್ರದಲ್ಲಿ ಟ, ತ ಎರಡಕ್ಕೂ ‘ಟಿ’ ಒಂದೇ ಸಾಕು. ‘ಎಚ್’ ಸೇರಿದರೆ ಅದು ಮಹಾಪ್ರಾಣ. ಹೀಗಾಗಿ ಉಡುಪಿಯ ಶಾಲೆಯಲ್ಲಿ ‘ಎಚ್’ಸಹಿತವಾಗಿದ್ದ ಲತಾ, ಕವಿತಾ, ಸುನೀತಾ, ಸವಿತಾ ಎಂಬ ಹೆಸರುಗಳು ಡೊಂಬಿವಲಿಯ ಶಾಲೆಯಲ್ಲಿ ‘ಎಚ್’ ಕಳೆದುಕೊಳ್ಳುವುದು ಸಹಜ. ಕಳೆದುಕೊಳ್ಳದಿದ್ದರೆ ಇನ್ನೊಂದು ತೊಡಕು: ಆ ರೋಮನ್ ರೂಪವನ್ನು ಯಂತ್ರವೋ ಗುಮಾಸ್ತರೋ ಮತ್ತೆ ದೇವನಾಗರಿಗೆ ಇಳಿಸುವಾಗ ಲತಾ ಹೋಗಿ ‘ಲಥಾ’ ಆಗುವ ಸಂಭವವುಂಟು. ಇದಕ್ಕೆ ಪ್ರತಿಯಾಗಿ ಮರಾಠಿಗರ ರೂಢಿಯಲ್ಲಿ ಪದಾದಿಯ ವಕಾರ ಕೆಲವೊಮ್ಮೆ ‘ಡಬ್ಲ್ಯು’ವಿನಿಂದ ಆರಂಭವಾಗುತ್ತದೆ, ‘ದೇವ’ ಎಂಬ ಅಂತ್ಯವು ‘ದೇಓ’ ಎಂಬಂತೆ ಮುಗಿಯುತ್ತದೆ. ಊರಿನ ಪತ್ರಗಳ ವಾಸುದೇವನು ಠಾಣೆಯ ಕಡತದಲ್ಲಿ ಮೊದಲ ಅಕ್ಷರವೂ ಕೊನೆಯ ಅಕ್ಷರವೂ ಬೇರೆಯಾಗಿ ಕುಳಿತಿದ್ದರೆ, ಇವನೇ ಅವನೆಂದು ಯಂತ್ರಕ್ಕೆ ತಿಳಿಸುವವರಾರು? ಇನ್ನು ರಾಮ ಮತ್ತು ರಮಾ ರೋಮನ್‌ನಲ್ಲಿ ಅವೇ ನಾಲ್ಕು ಅಕ್ಷರಗಳಾಗಿ ಗಂಡುಹೆಣ್ಣೆಂಬ ಭೇದವನ್ನೂ ಅಳಿಸಿಬಿಡುತ್ತವೆ.

ದೇವನಾಗರಿಯು ಸೋದರಿ ಲಿಪಿಯಾದುದರಿಂದ ಅಲ್ಲಿ ನಷ್ಟವಿಲ್ಲವೆಂಬ ಭಾವನೆ ಸಾಮಾನ್ಯ. ಳಕಾರದ ಮಟ್ಟಿಗೆ ಇದು ನಿಜ. ಮರಾಠಿಯು ಅದನ್ನು ಉಳಿಸಿಕೊಂಡಿದೆ. ಆದರೆ ಮರಾಠಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಗಳಿಲ್ಲ. ಚೆನ್ನಮ್ಮ ‘ಚೇನ್ನಮ್ಮಾ’ ಆಗುತ್ತಾಳೆ, ಕೊರಗಪ್ಪ ‘ಕೋರಗಪ್ಪಾ’ ಆಗುತ್ತಾನೆ. ಅಪ್ಪ, ಅಮ್ಮ, ಅಯ್ಯಗಳ ಕೊನೆಯ ಹ್ರಸ್ವ ಅಕಾರವು ದೀರ್ಘವಾಗುವುದು ಒಂದೆಡೆಯಾದರೆ, ಗಣೇಶ, ಮಂಜುನಾಥಗಳ ಅಂತ್ಯ ಅಕಾರವು ಉಚ್ಚಾರದಲ್ಲಿ ಲೋಪವಾಗುವುದು ಇನ್ನೊಂದೆಡೆ. ಡೊಂಬಿವಲಿ ಕರ್ನಾಟಕ ಸಂಘದ ವಿದ್ಯಾಸಂಸ್ಥೆಗಳು ಹೊತ್ತಿರುವುದು ಮಂಜುನಾಥನ ಹೆಸರನ್ನೇ. ರೋಮನ್ ಬರಹದಲ್ಲಿ ಅದರ ಕೊನೆಯ ‘ಎ’ ಕೆಲವೆಡೆ ಉಂಟು, ಕೆಲವೆಡೆ ಇಲ್ಲ. ಮುಂಬಯಿಗೆ ಸಮೀಪದ ಮಾಥೇರಾನದಲ್ಲಿ 1938ರಲ್ಲಿ ಜನಿಸಿದ ನಾಟಕಕಾರ ಗಿರೀಶ ಕಾರ್ನಾಡರ ಅಡ್ಡಹೆಸರೂ ದೇವನಾಗರಿಯಲ್ಲಿ ‘ಕಾರ್ನಾಡ’, ‘ಕರ್ನಾಡ’ ಎಂಬ ಎರಡು ಬಗೆಗಳಲ್ಲಿ ಕಾಣಸಿಗುತ್ತದೆ. ರೋಮನ್ ರೂಪದಿಂದ ಮರಳಿ ಬರುವಾಗ ದೀರ್ಘವು ಎಲ್ಲಿ ಬೀಳಬೇಕೆಂಬುದನ್ನು ಆ ರೂಪ ಹೇಳಲಾರದು.

ಸ್ತ್ರೀಯರ ಹೆಸರಿನ ವಿಷಯವನ್ನು ಇಲ್ಲಿ ಪ್ರತ್ಯೇಕವಾಗಿಯೇ ಪರಿಶೀಲಿಸಬೇಕು. ಮರಾಠಿ ಮನೆಗಳಲ್ಲಿಯೂ ಕೊಂಕಣಿಯ ಸಾರಸ್ವತ ಮನೆಗಳಲ್ಲಿಯೂ ಮದುವೆಯಲ್ಲಿ ವಧುವಿನ ಸ್ವಂತ ಹೆಸರನ್ನೇ ಬದಲಿಸುವ ಪದ್ಧತಿಯೊಂದಿತ್ತು. ಕೆಲವೆಡೆ ಇಂದಿಗೂ ಇದೆ. ಹರಿವಾಣದಲ್ಲಿ ಹರಡಿದ ಅಕ್ಕಿಯ ಮೇಲೆ ವರನು ಉಂಗುರದಿಂದ ಹೊಸ ಹೆಸರನ್ನು ಬರೆಯುತ್ತಾನೆ. ಅಡ್ಡಹೆಸರಂತೂ ಹೋಗುತ್ತದೆ, ಮಹಾರಾಷ್ಟ್ರದ ಕ್ರಮದಂತೆ ನಡುವೆ ಇದ್ದ ತಂದೆಯ ಹೆಸರಿನ ಸ್ಥಾನಕ್ಕೆ ಗಂಡನ ಹೆಸರು ಬರುತ್ತದೆ. ಇವುಗಳೊಡನೆ ಸ್ವಂತ ಹೆಸರೂ ಹೋದರೆ ಹಳೆಯ ಹೆಸರಿನ ಒಂದಕ್ಷರವೂ ಉಳಿಯುವುದಿಲ್ಲ. ಇಂಥ ಮಹಿಳೆಯೊಬ್ಬರು ಮದುವೆಗೆ ಮುಂಚೆ ಕತೆ ಬರೆದು ಪ್ರಕಟಿಸಿದ್ದರೆ, ಈಗಿನ ಹೆಸರಿನಲ್ಲಿ ಎಷ್ಟು ಹುಡುಕಿದರೂ ಆ ಕತೆ ಸಿಗದು. ಮೊಮ್ಮಕ್ಕಳಿಗೆ ಹಳೆಯ ಹೆಸರೇ ತಿಳಿಯದಿದ್ದರೆ ಹುಡುಕಲು ಪದವೇ ಇಲ್ಲ. ವಿಚಿತ್ರವೆಂದರೆ, ಹೆಸರಿನ ಬದಲಾವಣೆಯನ್ನು ಮಹಾರಾಷ್ಟ್ರ ಸರ್ಕಾರದ ರಾಜಪತ್ರದಲ್ಲಿ ಪ್ರಕಟಿಸಿಕೊಂಡವರ ಪಾಲಿಗೆ ಆ ಶುಷ್ಕ ಪ್ರಕಟಣೆಯೇ ಹಳೆಯ ಹೆಸರೂ ಹೊಸ ಹೆಸರೂ ಜೊತೆಯಾಗಿ ನಿಂತಿರುವ ಅಪರೂಪದ ಬರಹ. 2024ರಲ್ಲಿ ಮಹಾರಾಷ್ಟ್ರ ಸರ್ಕಾರವು ಮಕ್ಕಳ ಹೆಸರಿನೊಡನೆ ತಾಯಿಯ ಹೆಸರನ್ನೂ ಸೇರಿಸಬೇಕೆಂದು ನಿರ್ಧರಿಸಿತು. ಸೇರುವುದು ತಾಯಿಯ ಯಾವ ಹೆಸರು, ಯಾವ ಕಾಗುಣಿತ ಎಂಬ ಪ್ರಶ್ನೆ ಈ ಮನೆಗಳಲ್ಲಿ ಏಳದಿರದು.

ಕನ್ನಡ ಲಿಪಿಯಲ್ಲಿಯೇ ಹುಡುಕಿದರೆ ಈ ಗೊಂದಲಗಳು ತಪ್ಪುವವೇ? ಬಹಳಷ್ಟು ತಪ್ಪುತ್ತವೆ. ಆದರೆ ಜಯಂತ ಕಾಯ್ಕಿಣಿ ಎಂದೂ ಜಯಂತ್ ಕಾಯ್ಕಿಣಿ ಎಂದೂ ಕನ್ನಡಿಗರೇ ಬರೆಯುತ್ತಾರೆ. ಅಕ್ಷರಗಳನ್ನು ಯಥಾವತ್ತಾಗಿ ಹೋಲಿಸುವ ಯಂತ್ರಕ್ಕೆ ಅವು ಎರಡು ಪದಗಳು. ಕಣ್ಣಿಗೆ ಕಾಣದ ಭೇದಗಳೂ ಇವೆ. ಯೂನಿಕೋಡ್ ಸಂಕೇತದಲ್ಲಿ ‘ಗಣೇಶ’ದ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ, ಹ್ರಸ್ವ ಎತ್ವ ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ದಾಖಲಿಸಲು ಸಾಧ್ಯ. ತೆರೆಯ ಮೇಲೆ ಎರಡೂ ಒಂದೇ ಗಣೇಶ. ಇವನ್ನು ಸಮಾನವೆಂದು ಪರಿಗಣಿಸುವ ನಿಯಮವನ್ನು ಯೂನಿಕೋಡ್ ವಿಧಿಸಿದೆ. ಅದನ್ನು ಪಾಲಿಸದ ತಂತ್ರಾಂಶದಲ್ಲಿ ಹೆಸರು ತಪ್ಪಿಹೋಗುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಬೇರೆ ಅಕ್ಷರಶೈಲಿಗಳ ಸ್ವಂತ ಸಂಕೇತಗಳಲ್ಲಿ ಜೋಡಿಸಿದ ಕನ್ನಡ ಬರಹಗಳ ಪಾಡು ಇನ್ನೂ ಕಷ್ಟದ್ದು: ಆ ಅಕ್ಷರಶೈಲಿಯನ್ನು ಕಳಚಿದೊಡನೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿಯಾಗುತ್ತವೆ.

ಬೇರೆ ಬೇರೆ ಕಾಗುಣಿತಗಳನ್ನು ಒಂದುಗೂಡಿಸುವ ಯತ್ನ ಹಳೆಯದೇ. ಅಮೆರಿಕದಲ್ಲಿ 1918ರಲ್ಲಿ ರಾಬರ್ಟ್ ರಸೆಲ್ ಪೇಟೆಂಟ್ ಪಡೆದ ಪದ್ಧತಿಯಿಂದ ಬೆಳೆದ ‘ಸೌಂಡೆಕ್ಸ್’ ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಸ್ವರಗಳನ್ನೂ ‘ಎಚ್’ ಅನ್ನೂ ಬಿಟ್ಟು, ಉಳಿದ ವ್ಯಂಜನಗಳಿಗೆ ವರ್ಗಾನುಸಾರ ಅಂಕೆಗಳನ್ನು ಕೊಡುತ್ತದೆ. ಅದರಲ್ಲಿ ಎರಡು ಬಗೆಯ ಲತಾ ಒಂದಾಗುತ್ತಾರೆ. ಆದರೆ ರಮಾ, ರಾಮು, ರಮ್ಯಾ, ರಾಣಿ, ರೇಣು ಎಲ್ಲರೂ ಒಂದಾಗುತ್ತಾರೆ. ಮೊದಲ ಅಕ್ಷರ ಬೇರೆಯಾದ ಇಬ್ಬರು ವಾಸುದೇವರು ಮಾತ್ರ ದೂರವೇ ಉಳಿಯುತ್ತಾರೆ. ಇದಕ್ಕಿಂತ ವಿಶ್ವಾಸಾರ್ಹವಾದುದು ಗ್ರಂಥಾಲಯಗಳ ಕ್ರಮ. ಅಲ್ಲಿ ಲೇಖಕನೊಬ್ಬನ ಎಲ್ಲ ಹೆಸರುಗಳನ್ನೂ, ಎಲ್ಲ ಲಿಪಿರೂಪಗಳನ್ನೂ ಒಂದೇ ನಮೂದಿನಡಿ ತಂದು ಅಡ್ಡಸೂಚನೆಗಳಿಂದ ಹೆಣೆಯುತ್ತಾರೆ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳರಂಥವರಿಗೆ ಇದು ದೊರೆಯುತ್ತದೆ. ಪುಸ್ತಕ ಬರೆಯದೆ, ಸಂಘದ ನಾಟಕದಲ್ಲಿ ಪಾತ್ರ ವಹಿಸಿದವರು, ರಾತ್ರಿಶಾಲೆಯಲ್ಲಿ ಕನ್ನಡ ಕಲಿಸಿದವರು ಆ ಸೂಚಿಗೆ ಸೇರುವುದಿಲ್ಲ.

ಅವರ ಹೆಸರುಗಳಿರುವುದು ಸ್ಮರಣ ಸಂಚಿಕೆಗಳಲ್ಲಿ, ವರದಿಗಳಲ್ಲಿ, ಛಾಯಾಚಿತ್ರಗಳ ಅಡಿಬರಹಗಳಲ್ಲಿ. ಇಂಥ ಸಂಚಿಕೆಯ ಪುಟವನ್ನು ಸ್ಕ್ಯಾನ್ ಮಾಡಿ ಜಾಲಕ್ಕೇರಿಸಿದರೂ ಅದು ಚಿತ್ರವಷ್ಟೆ; ಚಿತ್ರದಿಂದ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸಿದ ಬಳಿಕವೇ ಅದು ಶೋಧಕ್ಕೆ ಒದಗುತ್ತದೆ. ಮಸಿ ಹರಡಿದ ಹಳೆಯ ಮೊಳೆಯಚ್ಚಿನಲ್ಲಿ ಒತ್ತಕ್ಷರಗಳೂ ದೀರ್ಘಚಿಹ್ನೆಗಳೂ ಯಂತ್ರಕ್ಕೆ ಸುಲಭವಾಗಿ ತಪ್ಪುತ್ತವೆ. ಕೊರಗಪ್ಪನ ಪಕಾರದ ಒತ್ತು ಮಾಸಿದ್ದರೆ ಅದನ್ನು ಸರಿಪಡಿಸಲು, ಕನ್ನಡ ಓದಬಲ್ಲವರೊಬ್ಬರು ಆ ಪುಟದ ಮುಂದೆ ಕುಳಿತು ಪಟ್ಟಿಯನ್ನು ಸಾಲುಸಾಲಾಗಿ ನೋಡಬೇಕಾಗುತ್ತದೆ.