ಕತ್ತಿನೊಳಗಿನ ಪುಟ್ಟ ಗೂಟ

'ಬೇಡ' ಎನ್ನಲು ನಾವು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತೇವೆ. ಪಕ್ಕದವರು ಕರೆದರೆ ಅತ್ತ ಮುಖ ಹೊರಳಿಸುತ್ತೇವೆ. ಈ ಕೆಲಸವನ್ನು ಮಾಡಿಸುವ ಮೂಳೆ ಯಾವುದೆಂದು ಎಂದಾದರೂ ಯೋಚಿಸಿದ್ದೇವೆಯೇ?

ನಮ್ಮ ಕತ್ತಿನಲ್ಲಿ 7 ಮೂಳೆಗಳಿವೆ. ಮೊದಲನೆಯದು ಅಟ್ಲಾಸ್. ಬಳೆಯಂತಿರುವ ಇದು ತಲೆಬುರುಡೆಯನ್ನು ಹೊತ್ತಿದೆ. ಎರಡನೆಯದೇ ಆಕ್ಸಿಸ್. ಇದರ ಮೇಲೆ ಪುಟ್ಟ ಗೂಟವೊಂದು ಎದ್ದು ನಿಂತಿದೆ. ವೈದ್ಯರು ಇದನ್ನು 'ಡೆನ್ಸ್' ಎನ್ನುತ್ತಾರೆ. ಲತೀನ್ ಭಾಷೆಯಲ್ಲಿ ಹಾಗೆಂದರೆ ಹಲ್ಲು. ಅಜ್ಜಿಯ ಕಾಲದ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಕೆಳಗಿನ ಕಲ್ಲಿನ ನಡುವೆ ಗೂಟ; ಅದರ ಸುತ್ತ ಮೇಲಿನ ಕಲ್ಲು ತಿರುಗುತ್ತದೆ. ಹಾಗೆಯೇ ಆಕ್ಸಿಸ್‌ನ ಗೂಟದ ಸುತ್ತ ಅಟ್ಲಾಸ್ ತಿರುಗುತ್ತದೆ, ಅದರೊಂದಿಗೆ ತಲೆಯೂ ತಿರುಗುತ್ತದೆ. ಕತ್ತಿನ ಹೊರಳಾಟದಲ್ಲಿ ಸುಮಾರು ಅರ್ಧಪಾಲು ಈ ಒಂದೇ ಕೀಲಿನದು.

ಆದರೆ ಗೂಟದ ಹಿಂದೆಯೇ ಬೆನ್ನುಹುರಿಯಿದೆ. ಗೂಟವು ಹಿಂದಕ್ಕೆ ಸರಿಯದಂತೆ ಗಟ್ಟಿಯಾದ ಅಸ್ಥಿರಜ್ಜು ಅಡ್ಡಪಟ್ಟಿಯಂತೆ ಅದನ್ನು ಹಿಡಿದಿದೆ. ಉಸಿರಾಡಲು ಮೆದುಳು ಕಳುಹಿಸುವ ಆಜ್ಞೆಯೂ ಈ ಹುರಿಯ ಮೂಲಕವೇ ಇಳಿಯಬೇಕು. ಆದ್ದರಿಂದ ಇಲ್ಲಿ ಹುರಿಗೆ ಪೆಟ್ಟಾದರೆ ಕೈಕಾಲಿನ ಬಲವಷ್ಟೇ ಅಲ್ಲ, ಉಸಿರೇ ನಿಲ್ಲಬಹುದು.

1974ರಲ್ಲಿ ಆಂಡರ್ಸನ್ ಮತ್ತು ಡಿ'ಅಲೊಂಜೊ ಎಂಬ ವೈದ್ಯರು ಗೂಟದ ಮುರಿತವನ್ನು 3 ಬಗೆಯಾಗಿ ವಿಂಗಡಿಸಿದರು: ತುದಿಯಲ್ಲಿ ಮುರಿಯುವುದು, ಬುಡದಲ್ಲಿ ಮುರಿಯುವುದು, ಬುಡದಿಂದ ಕೆಳಗೆ ಮೂಳೆಯ ಒಡಲಿಗೇ ಇಳಿಯುವುದು. ಬುಡದ ಮುರಿತವೇ ಹೆಚ್ಚು. ಅದು ಕೂಡಿಕೊಳ್ಳುವುದೂ ಕಷ್ಟ. ಯುವಕರಿಗೆ ಇದು ಹೆಚ್ಚಾಗಿ ವಾಹನ ಅಪಘಾತದಿಂದ ಆಗುತ್ತದೆ. ಹಿರಿಯರಿಗಾದರೋ ಬಚ್ಚಲುಮನೆಯಲ್ಲಿ ಜಾರಿ ಬಿದ್ದರೂ ಸಾಕು. ಕೈಕಾಲು ಚೆನ್ನಾಗಿಯೇ ಆಡುತ್ತಿರುತ್ತವೆ, ಕತ್ತು ಮಾತ್ರ ನೋಯುತ್ತದೆ. 'ಉಳುಕಿರಬೇಕು' ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಅಪಾಯವಿರುವುದು ಇಲ್ಲೇ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಬಿದ್ದವರು ಕತ್ತು ನೋವೆಂದರೆ ಎಬ್ಬಿಸಿ ಕೂರಿಸಬೇಡಿ. ತಲೆ, ಕತ್ತು ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ಎರಡನೆಯದಾಗಿ, ಎಕ್ಸ್-ರೇಯಲ್ಲಿ ಕಾಣದ ಬಿರುಕು ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣಬಹುದು, ವೈದ್ಯರು ಹೇಳಿದರೆ ಹಿಂಜರಿಯಬೇಡಿ. ಮೂರನೆಯದಾಗಿ, ಕತ್ತು ತಿರುವಿ ನೆಟಿಗೆ ತೆಗೆಸಬೇಡಿ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಆ ಅಸ್ಥಿರಜ್ಜು ಸಡಿಲಗೊಂಡಿರಬಹುದು; ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಹಾಗೆಯೇ. ಅವರ ಬಗ್ಗೆ ಇನ್ನೂ ಎಚ್ಚರವಿರಲಿ.

ಮನೆಯ ಹಿರಿಯರು ನಮಗೆ ತೊಂದರೆ ಕೊಡಬಾರದೆಂದು ನೋವನ್ನು ನುಂಗಿಕೊಳ್ಳುತ್ತಾರೆ. ಬಿದ್ದ ದಿನ ಅಮ್ಮ 'ಏನಿಲ್ಲ ಮಗಾ, ಸ್ವಲ್ಪ ಕತ್ತು ನೋವು ಅಷ್ಟೇ' ಎಂದರೆ, ಆ 'ಅಷ್ಟೇ' ಎಂಬ ಮಾತನ್ನು ನಂಬಿ ಕೂರದಿರೋಣ. ಅಂದೇ ಆಸ್ಪತ್ರೆಯಲ್ಲಿ ತೋರಿಸೋಣ.