ರಾಜ್ಯಶಾಸ್ತ್ರ ಪದವಿ: ಸಾಲವೆಷ್ಟು, ಸಂಬಳವೆಷ್ಟು?

ಅಮೆರಿಕದಲ್ಲಿ ರಾಜ್ಯಶಾಸ್ತ್ರ ಪದವಿಗೆ ಸೇರುವವರು ಮೊದಲು ತೂಗಿ ನೋಡಬೇಕಾದವು ಎರಡು: ಓದು ಮುಗಿದಾಗ ಉಳಿಯುವ ಸಾಲ ಮತ್ತು ಆರಂಭದ ವಾರ್ಷಿಕ ವೇತನ. ಒಟ್ಟು ಸಾಲವು ಮೊದಲ ವರ್ಷದ ವೇತನವನ್ನು ಮೀರಬಾರದೆಂಬುದು ಅಲ್ಲಿ ರೂಢಿಯಲ್ಲಿರುವ ಲೆಕ್ಕಾಚಾರ.

ಪೋಷಕರನ್ನು ಅವಲಂಬಿಸಿರುವ ವಿದ್ಯಾರ್ಥಿಗೆ ನಾಲ್ಕು ವರ್ಷಗಳಲ್ಲಿ ಫೆಡರಲ್ ಸರ್ಕಾರದಿಂದ ಸಾಮಾನ್ಯವಾಗಿ ಗರಿಷ್ಠ 27,000 ಡಾಲರ್ ಸಾಲ ದೊರೆಯುತ್ತದೆ. 2025-26ರ ಶೇ. 6.39 ಬಡ್ಡಿದರದಲ್ಲಿ ಇಷ್ಟು ಸಾಲವನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 305 ಡಾಲರ್ ಕಂತು ಕಟ್ಟಬೇಕು. ಒಟ್ಟು ಪಾವತಿ ಸುಮಾರು 36,600 ಡಾಲರ್. ಇದನ್ನು ಮೀರಿ ಪಡೆಯುವ ಖಾಸಗಿ ಸಾಲವೇ ಹೆಚ್ಚು ಅಪಾಯಕಾರಿ.

ಅಲ್ಲಿನ ಶಿಕ್ಷಣ ಇಲಾಖೆಯ ‘ಕಾಲೇಜ್ ಸ್ಕೋರ್‌ಕಾರ್ಡ್’ ಜಾಲತಾಣದಲ್ಲಿ ಕಾಲೇಜುವಾರು, ವಿಷಯವಾರು ಸಾಲ ಮತ್ತು ಗಳಿಕೆಯ ವಿವರಗಳಿವೆ. ಮುಂದೆ ಕಾನೂನು ಓದುವವರಿಗೆ ಗಳಿಕೆ ತಡವಾಗಿ ಆರಂಭವಾಗುತ್ತದೆ; ಆ ಓದಿನ ಸಾಲವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ನಿರ್ಧರಿಸುವುದು ಒಳಿತು.