ಪಾಲೆಯೋ, ಕಾಸರಕವೋ? ಎಲೆ ನೋಡಿ ಹೇಳಿ

ಜುಲೈ-ಆಗಸ್ಟ್‌ನಲ್ಲಿ ಆಟಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಮುಂಬೈಯ ಕರಾವಳಿಗರಲ್ಲಿ ಒಂದೇ ಪ್ರಶ್ನೆ: 'ನಿಮ್ಮ ಕಡೆ ಪಾಲೆ ಮರ ಎಲ್ಲುಂಟು ಮಾರಾಯ್ರೆ?' ಊರಲ್ಲಾದರೆ ಹಿರಿಯರು ಸೂರ್ಯ ಹುಟ್ಟುವ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತರುತ್ತಾರೆ. ನಾವು ಕಹಿ ಕಷಾಯ ಕುಡಿದು, ಮೆಂತೆ ಗಂಜಿ ಉಂಡರೆ ಮುಗಿಯಿತು. ಊರು ಬಿಟ್ಟ ಮೇಲೆ ಮರ ಗುರುತಿಸುವ ಹೊಣೆಯೂ ನಮ್ಮದೇ.

ಅದು ಸಣ್ಣ ಹೊಣೆಯಲ್ಲ. ಕತ್ತಲಲ್ಲಿ ಕಾಂಡವನ್ನಷ್ಟೇ ನೋಡಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಅದರಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಹಾಗಾಗಿ ಮುನ್ನಾದಿನ ಹಗಲಲ್ಲೇ ಮರ ನೋಡಿ, ನೂಲು ಕಟ್ಟಿ ಬನ್ನಿ.

ಮೊದಲು ಎಲೆಗಳ ಜೋಡಣೆ. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ, ಛತ್ರಿಯ ಕಡ್ಡಿಗಳಂತೆ, 4ರಿಂದ 10 ಎಲೆ, ಸಾಮಾನ್ಯವಾಗಿ 7. ಸಪ್ತಪರ್ಣಿ ಎಂಬ ಹೆಸರು ಬಂದದ್ದು ಅದರಿಂದಲೇ. ಮರಾಠಿಯಲ್ಲಿ ಸಾತ್ವೀಣ್. ಕಾಸರಕದಲ್ಲಿ ಗೆಣ್ಣಿಗೆ ಎರಡೇ ಎಲೆ, ಎದುರುಬದುರು.

ಎರಡನೆಯದು ನರ. ಪಾಲೆ ಎಲೆಯ ನಡುನರದಿಂದ ಹತ್ತಾರು ಸಣ್ಣ ನರಗಳು ಒತ್ತೊತ್ತಾಗಿ, ಬಹುತೇಕ ನೇರವಾಗಿ ಅಂಚಿಗೆ ಸಾಗುತ್ತವೆ. ಕಾಸರಕದ ಅಗಲ, ಹೊಳೆಯುವ ಎಲೆಯಲ್ಲಿ ಬುಡದಿಂದಲೇ 3ರಿಂದ 5 ದಪ್ಪ ನರಗಳು ತುದಿಯತ್ತ ಬಾಗಿ ಹೋಗುತ್ತವೆ.

ಮೂರನೆಯದು ಕೊಂಬೆ. ಎಳೆಯ ಪಾಲೆ ಮರದಲ್ಲಿ ಕೊಂಬೆಗಳೂ ಒಂದೇ ಎತ್ತರದಲ್ಲಿ ಸುತ್ತಲೂ ಹೊರಟು ಅಂತಸ್ತು ಅಂತಸ್ತಾಗಿ ಕಾಣುತ್ತವೆ.

ಕೊನೆಗೆ ಹಾಲು. ಪಾಲೆಯ ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ, ಕಾಸರಕದಲ್ಲಿ ಇಲ್ಲ. ಆದರೆ ಹಾಲು ಬಂದದ್ದೆಲ್ಲ ಪಾಲೆಯಲ್ಲ. ಹಳದಿ ಕಣಗಿಲೆಯಲ್ಲೂ ಹಾಲಿದೆ, ಅದೂ ವಿಷವೇ. ಹೆಸರನ್ನೂ ನಂಬುವಂತಿಲ್ಲ, ಕನ್ನಡದಲ್ಲಿ 'ಹಾಲೆ' ಎಂದು ಕರೆಸಿಕೊಳ್ಳುವ ಮರಗಳು ಒಂದಕ್ಕಿಂತ ಹೆಚ್ಚಿವೆ.

ಒಂದು ಟೆಸ್ಟ್ ಪಾಸಾಯಿತೆಂದು ನಮ್ಮಲ್ಲಿ ಯಾರೂ ಸಾಫ್ಟ್‌ವೇರ್ ರಿಲೀಸ್ ಮಾಡುವುದಿಲ್ಲ. ಇಲ್ಲೂ ಅಷ್ಟೆ. ಫೋನಿನ ಆ್ಯಪ್ ಫೋಟೊ ನೋಡಿ ಹೋಲಿಕೆ ಹೇಳುತ್ತದೆ. ಹೆಸರು ಹುಡುಕಲು ಅದು ಸಾಕು, ಕುಡಿಯಲು ಸಾಲದು. ಎಲ್ಲ ಗುರುತೂ ಕೂಡಿಬಂದ ಮೇಲೂ ಮರ ಬಲ್ಲ ಹಿರಿಯರೊಬ್ಬರು ಹೌದೆನ್ನಲಿ. ಅನುಮಾನ ಉಳಿದರೆ ಆ ವರ್ಷ ಮೆಂತೆ ಗಂಜಿಯಷ್ಟೇ ಸಾಕು. ಕಷಾಯ ಕುಡಿದವರಿಗೆ ಸ್ನಾಯು ಸೆಳೆತ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂಬೈ, ಪುಣೆ, ದಿಲ್ಲಿಯ ಎಷ್ಟೋ ರಸ್ತೆ ಬದಿಗಳಲ್ಲಿ ಪಾಲೆ ನೆಟ್ಟಿದ್ದಾರೆ. ಅಕ್ಟೋಬರ್ ಹೊತ್ತಿಗೆ ಅದು ಹೂಬಿಟ್ಟು, ರಾತ್ರಿ ಬೀದಿಯಿಡೀ ಘಾಟು ಪರಿಮಳ ಹರಡುತ್ತದೆ. ಆಗಲೇ ಮಕ್ಕಳನ್ನು ಕರೆದುಕೊಂಡು ಹೋಗಿ ಎಲೆ ಎಣಿಸಿ. ಮುಂದಿನ ಆಟಿಗೆ ಮನೆಯಲ್ಲಿ ಮರ ಬಲ್ಲವರು ಇನ್ನೊಬ್ಬರು ಇರುತ್ತಾರೆ.